ಬಿಸಿಲು ಬೀಳುವ ಇಳಿಜಾರಿಗೆ ನಮ್ಮ ನೆಲದ ಗಿಡಗಳು: ಬಯಲುಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಮನೆ ಕಟ್ಟಲು ಮಣ್ಣು ಕಡಿದಾಗ ಹಿಂದೆ ಉಳಿದ ಕೆಂಪು ದಿಬ್ಬ. ತೋಟದ ಮೂಲೆಯಲ್ಲಿ ಯಾವ ಬೆಳೆಗೂ ಬಾರದ ಇಳಿಜಾರು. ಗುಡ್ಡದ ಪಕ್ಕದ ಸೈಟು. ಇಂಥ ಜಾಗ ಇರುವವರೆಲ್ಲ ಒಂದೇ ಮಾತು ಹೇಳುತ್ತಾರೆ: ಅಲ್ಲಿ ಏನು ನೆಟ್ಟರೂ ನಿಲ್ಲುವುದಿಲ್ಲ. ಮಳೆಯಲ್ಲಿ ಮಣ್ಣು ಕೊಚ್ಚಿ ಹೋಗುತ್ತದೆ, ಬೇಸಿಗೆಯಲ್ಲಿ ಗಿಡ ಒಣಗುತ್ತದೆ.

ಗಿಡ ಬದಲಾಯಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ಆದರೆ ಇಳಿಜಾರಿನಲ್ಲಿ ಗಿಡದ ಮಾತು ಆಮೇಲೆ, ನೀರಿನ ಮಾತು ಮೊದಲು. ಬಿದ್ದ ಮಳೆ ಅಲ್ಲೇ ನಿಂತು ಇಂಗಿದರೆ ಮಣ್ಣು ಉಳಿಯುತ್ತದೆ. ಮಣ್ಣು ಉಳಿದರೆ ಗಿಡ ಬರುತ್ತದೆ. ಈ ಕ್ರಮ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಪ್ರಯೋಜನ ಇಲ್ಲ.

ಇಲ್ಲಿ ಹೇಳುವುದು ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆಯ ಕಲ್ಲು ಬೆರೆತ ಕೆಮ್ಮಣ್ಣಿನ ಇಳಿಜಾರಿಗೆ. ವರ್ಷಕ್ಕೆ ಸುಮಾರು 500ರಿಂದ 800 ಮಿ.ಮೀ. ಮಳೆ ಬೀಳುವ ಜಾಗಗಳಿಗೆ. ಮಲೆನಾಡು, ಕೊಡಗಿನವರು ಇದನ್ನು ಹಾಗೆಯೇ ಅನುಸರಿಸಬೇಡಿ. ಭಾರಿ ಮಳೆಯ ಆಳ ಮಣ್ಣಿನಲ್ಲಿ ಟ್ರೆಂಚ್ ತೋಡಿ ನೀರು ಇಂಗಿಸಿದರೆ ಗುಡ್ಡವೇ ಜಾರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಭೂಕುಸಿತಗಳನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ನೀರನ್ನು ನಿಲ್ಲಿಸುವುದಕ್ಕಿಂತ ಸುರಕ್ಷಿತವಾಗಿ ಹೊರಗೆ ಕಳಿಸುವುದು ಮುಖ್ಯ.

ಮೊದಲು ಹತ್ತಿರದ ಗುಡ್ಡ ನೋಡಿ

ನರ್ಸರಿಗೆ ಹೋಗುವ ಮೊದಲು ನಿಮ್ಮೂರಿನ ಗುಡ್ಡಕ್ಕೆ ಹೋಗಿ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಎಲ್ಲ ಒಣಗಿರುವಾಗ. ಯಾರೂ ನೀರು ಹಾಕದ ಆ ಜಾಗದಲ್ಲಿ ಯಾವ ಗಿಡ ಇನ್ನೂ ಹಸಿರಾಗಿದೆ ನೋಡಿ. ಬಂಡೆ ಪಕ್ಕ ಏನಿದೆ, ನೀರು ಹರಿದ ಗುರುತಿನ ಅಂಚಿನಲ್ಲಿ ಏನಿದೆ, ಕುರಿ ಮೇಕೆ ಓಡಾಡುವ ದಾರಿಯಲ್ಲೂ ಉಳಿದಿರುವುದು ಯಾವುದು ಅಂತ ಗಮನಿಸಿ. ಗೊತ್ತಿಲ್ಲದ ಗಿಡದ ಫೋಟೋ ತೆಗೆದು ಊರಿನ ಕುರಿ ಕಾಯುವವರಿಗೆ, ಹಿರಿಯರಿಗೆ ತೋರಿಸಿ. ಅವರು ಹೆಸರು ಹೇಳುತ್ತಾರೆ, ಉಪಯೋಗವನ್ನೂ ಹೇಳುತ್ತಾರೆ. ನಿಮ್ಮ ಮಣ್ಣಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಎಲ್ಲೂ ಸಿಗುವುದಿಲ್ಲ.

ಬಿಸಿಲಿನ ದಿಕ್ಕನ್ನೂ ನೋಡಿಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರೇ ಹೆಚ್ಚು ಕಾಯುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಚಳಿಗಾಲದಲ್ಲಿ ಅದು ನಿಜ. ಆದರೆ ನಮ್ಮಲ್ಲಿ ಸೂರ್ಯ ಏಪ್ರಿಲ್ ಕೊನೆಗೆ ನೆತ್ತಿಗೆ ಬಂದು, ಆಗಸ್ಟ್ ಮಧ್ಯದವರೆಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದಲ್ಲ, ಅದೇ ಲೆಕ್ಕ. ಹಾಗಾಗಿ ನಮ್ಮ ಬೇಸಿಗೆಯಲ್ಲಿ ಉತ್ತರದ ಇಳಿಜಾರೂ ತಂಪಿರುವುದಿಲ್ಲ. ಎಲ್ಲಕ್ಕಿಂತ ಕಷ್ಟ ಪಶ್ಚಿಮದ ಇಳಿಜಾರು. ಮಧ್ಯಾಹ್ನ ಎರಡು ಗಂಟೆಯಿಂದ ಸಂಜೆವರೆಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಅಲ್ಲಿ ಅತಿ ಗಟ್ಟಿ ಗಿಡಗಳನ್ನೇ ಹಾಕಬೇಕು.

ಇಳಿಜಾರು ಎಷ್ಟಿದೆ ಅಂತ ಅಳೆಯಿರಿ

ಹತ್ತು ಅಡಿಯ ನೇರ ಬೊಂಬು ತಗೊಳ್ಳಿ. ಒಂದು ತುದಿ ಇಳಿಜಾರಿನ ಮೇಲೆ ಇಟ್ಟು, ಬೊಂಬನ್ನು ಯಾವ ಕಡೆಗೂ ವಾಲದಂತೆ ಸಮಮಟ್ಟವಾಗಿ ಅಡ್ಡ ಹಿಡಿಯಿರಿ. ಮೇಸ್ತ್ರಿಗಳ ರಸಮಟ್ಟ ಇದ್ದರೆ ಸಮ ನೋಡುವುದು ಸುಲಭ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ಒಂದು ಅಡಿ ಬಂದರೆ ಸೌಮ್ಯ ಇಳಿಜಾರು, ಬದು ಮತ್ತು ಹುಲ್ಲು ಸಾಕು. ಮೂರು ಅಡಿ ಬಂದರೆ ಕಲ್ಲಿನ ಸಾಲು ಬೇಕು. ಐದು ಅಡಿ ದಾಟಿದರೆ, ಅದರಲ್ಲೂ ಮೇಲೆ ಅಥವಾ ಕೆಳಗೆ ಮನೆ ಇದ್ದರೆ, ಅನುಭವ ಇರುವ ಎಂಜಿನಿಯರ್‌ಗೆ ತೋರಿಸದೆ ಮಣ್ಣು ಮುಟ್ಟಬೇಡಿ.

ಈಗ ಸಮಮಟ್ಟದ ಗೆರೆಗಳನ್ನು, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಎತ್ತರದಲ್ಲಿ ಸಾಗುವ ಗೆರೆಗಳನ್ನು ಗುರುತಿಸಬೇಕು. ಮೇಸ್ತ್ರಿಗಳು ಬಳಸುವ ನೀರಿನ ಪೈಪಿನ ಲೆವೆಲ್‌ನಿಂದ ಆಗುತ್ತದೆ. ಇಲ್ಲದಿದ್ದರೆ ಏಳು ಅಡಿಯ ಎರಡು ಕೋಲುಗಳ ತಲೆ ಸೇರಿಸಿ ಕಟ್ಟಿ, ಕಾಲು ಅಗಲಿಸಿ, ಮಧ್ಯೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದ ಮೇಲೆ ನಿಲ್ಲಿಸಿ ದಾರ ಅಡ್ಡಪಟ್ಟಿಗೆ ತಾಗುವ ಕಡೆ ಗುರುತು ಹಾಕಿ. ಎರಡೂ ಕಾಲುಗಳ ಜಾಗ ಅದಲು ಬದಲು ಮಾಡಿ ಮತ್ತೆ ಗುರುತು ಹಾಕಿ. ಎರಡು ಗುರುತಿನ ನಡುಮಧ್ಯವೇ ಸಮಮಟ್ಟ. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಒಂದೊಂದೇ ಕಾಲು ಮುಂದಿಡುತ್ತಾ, ದಾರ ನಡುಗುರುತಿಗೆ ಬಂದ ಕಡೆಯೆಲ್ಲ ಗೂಟ ಹೊಡೆಯಿರಿ. ಗೂಟಗಳ ಸಾಲು ಡೊಂಕಾಗಿ ಬರುತ್ತದೆ. ನೇರ ಮಾಡಲು ಹೋಗಬೇಡಿ. ಆ ಡೊಂಕೇ ಸರಿ.

ಮೂರು ಅಡಿ ಇಳಿದ ಕಡೆಗೆಲ್ಲ ಒಂದು ಗೆರೆ ಇರಲಿ. ಹತ್ತಕ್ಕೆ ಮೂರು ಇಳಿಯುವ ಜಾಗದಲ್ಲಿ ಇದು ಸುಮಾರು ಹತ್ತು ಅಡಿಗೊಂದು ಗೆರೆ ಆಗುತ್ತದೆ.

ಏನು ಕೀಳಬೇಕು, ಏನು ಬಿಡಬೇಕು

ಜೆಸಿಬಿ ಕರೆದು ಇಡೀ ಇಳಿಜಾರನ್ನು ಒಂದೇ ದಿನ ಬೋಳಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮೇಲಿನ ನಾಲ್ಕಾರು ಇಂಚಿನ ಮಣ್ಣಿನಲ್ಲೇ ಜೀವ ಇರುವುದು. ಅದು ಹೋದರೆ ಮತ್ತೆ ಆಗಲು ತುಂಬಾ ವರ್ಷ ಬೇಕು.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿ. ಕೈಗೆ ಗ್ಲೌಸ್, ಮುಖಕ್ಕೆ ಬಟ್ಟೆ ಇರಲಿ, ಮೈ ತುರಿಕೆ ಬರುತ್ತದೆ. ಲಂಟಾನ ಮತ್ತು ಬಳ್ಳಾರಿ ಜಾಲಿಯನ್ನು ಬುಡದ ಮೇಲೆ ಕಡಿದರೆ ಮತ್ತೆ ಚಿಗುರುತ್ತವೆ. ನೆಲದೊಳಗಿನ ಗಡ್ಡೆಯಂಥ ಬುಡವನ್ನು ಹಾರೆಯಿಂದ ಎತ್ತಬೇಕು. ಆದರೆ ಎಲ್ಲವನ್ನೂ ಒಮ್ಮೆಲೇ ಎತ್ತಿದರೆ ಮಣ್ಣು ಸಡಿಲ ಆಗುತ್ತದೆ. ಒಂದು ಪಟ್ಟಿ ತೆಗೆಯಿರಿ, ಅಲ್ಲಿ ಕಲ್ಲು ಸಾಲು ಮಾಡಿ ಗಿಡ ನೆಡಿ, ಮುಂದಿನ ವರ್ಷ ಇನ್ನೊಂದು ಪಟ್ಟಿ. ಕಡಿದ ಮುಳ್ಳನ್ನು ಸುಡಬೇಡಿ. ಮೇಕೆಗಳಿಂದ ಸಸಿ ಕಾಯಲು ಬೇಲಿಗೆ ಅದೇ ಬೇಕಾಗುತ್ತದೆ.

ತಾನಾಗಿ ಬಂದಿರುವ ತಂಗಡಿ, ಬಂದರೆ ಗಿಡ, ಕಾರೆ, ತುಂಬೆ, ವಿಷ್ಣುಕ್ರಾಂತಿ, ಊರ ಹುಲ್ಲು ಇವನ್ನೆಲ್ಲ ಉಳಿಸಿಕೊಳ್ಳಿ. ಸುಮ್ನೆ ಬೆಳೆದ ಕಳೆ ಅಂತ ಕಿತ್ತು ಹಾಕಿ, ಅದೇ ಜಾಗಕ್ಕೆ ದುಡ್ಡು ಕೊಟ್ಟು ಗಿಡ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನೀರು ನಿಲ್ಲಿಸುವ ಕೆಲಸ

ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30×40 ಸೈಟಿನಷ್ಟು ಇಳಿಜಾರಿನ ಮೇಲೆ 50 ಮಿ.ಮೀ.ನ ಒಂದು ಜೋರು ಮಳೆ ಬಿದ್ದರೆ ಸುಮಾರು 5,500 ಲೀಟರ್. ಒಂದು ದೊಡ್ಡ ಟ್ಯಾಂಕರ್ ನೀರು ಅದು. ನಿಲ್ಲಿಸದಿದ್ದರೆ ಒಂದು ಗಂಟೆಯಲ್ಲಿ ಮಣ್ಣನ್ನೂ ಎಳೆದುಕೊಂಡು ಚರಂಡಿ ಸೇರುತ್ತದೆ.

ಕೆಲಸ ಮೇಲಿನಿಂದ ಶುರು ಮಾಡಿ. ನಿಮ್ಮ ಜಾಗಕ್ಕಿಂತ ಮೇಲಿನ ರಸ್ತೆಯಿಂದಲೋ ಪಕ್ಕದ ಜಮೀನಿನಿಂದಲೋ ನೀರು ನುಗ್ಗುತ್ತಿದ್ದರೆ, ನೆತ್ತಿಯಲ್ಲೇ ಒಂದು ಕಾಲುವೆ ಮಾಡಿ ಪಕ್ಕಕ್ಕೆ ತಿರುಗಿಸಿ. ನೆರೆಯವರ ಜಾಗಕ್ಕೆ ನುಗ್ಗದ ಹಾಗೆ ನೋಡಿಕೊಳ್ಳಿ.

ಸೌಮ್ಯ ಇಳಿಜಾರಿನಲ್ಲಿ ಗೆರೆಯುದ್ದಕ್ಕೂ ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಟ್ರೆಂಚ್ ತೋಡಿ. ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಹಾಕಿ ತುಳಿದು ಬದು ಮಾಡಿ. ಟ್ರೆಂಚ್ ಒಂದೇ ಉದ್ದಕ್ಕೆ ಹೋಗಬಾರದು. ಹತ್ತು ಅಡಿಗೊಮ್ಮೆ ಸ್ವಲ್ಪ ಮಣ್ಣನ್ನು ಅಗೆಯದೆ ಹಾಗೇ ಬಿಡಿ, ಇಲ್ಲದಿದ್ದರೆ ನೀರು ಪಕ್ಕಕ್ಕೆ ಓಡಿ ಒಂದು ಕಡೆ ಬದು ಒಡೆಯುತ್ತದೆ. ತುಂಬಿದ ಮೇಲೆ ಹೆಚ್ಚಿನ ನೀರು ಇಳಿಯಲು ಪ್ರತಿ ಸಾಲಿಗೂ ಒಂದು ಕೋಡಿ ಬೇಕು. ಬದುವಿನಲ್ಲಿ ಒಂದು ಕಡೆ ಸ್ವಲ್ಪ ತಗ್ಗಿಸಿ, ಚಪ್ಪಟೆ ಕಲ್ಲು ಹಾಸಿದರೆ ಆಯಿತು. ಒಂದು ಸಾಲಿನ ಕೋಡಿ ಎಡಕ್ಕಿದ್ದರೆ ಕೆಳಗಿನದು ಬಲಕ್ಕಿರಲಿ. ಮನೆ ಗೋಡೆಗೆ ತೀರಾ ಹತ್ತಿರ ಟ್ರೆಂಚ್ ಬೇಡ.

ಇಳಿಜಾರು ಜಾಸ್ತಿ ಇದ್ದರೆ ಟ್ರೆಂಚ್ ಬದಲು ಕಲ್ಲಿನ ಸಾಲು. ಕಲ್ಲು ಅಲ್ಲೇ ಸಿಗುತ್ತದೆ. ಅರ್ಧ ಅಡಿ ಪಾಯ ತೆಗೆದು, ದೊಡ್ಡ ಕಲ್ಲುಗಳನ್ನು ಗಟ್ಟಿ ನೆಲದ ಮೇಲೆ ಕೂರಿಸಿ. ಪ್ರತಿ ವರಸೆಯೂ ಗುಡ್ಡದ ಕಡೆಗೆ ಸ್ವಲ್ಪ ವಾಲಿರಬೇಕು. ಉದ್ದ ಕಲ್ಲುಗಳ ತುದಿ ಒಳಗಿನ ಮಣ್ಣಿಗೆ ಸೇರಿರಲಿ. ಹಿಂಭಾಗಕ್ಕೆ ಚಕ್ಕೆ ಕಲ್ಲು ತುಂಬಿ. ಮೂರು ಅಡಿಗಿಂತ ಎತ್ತರ ಬೇಡ. ಸಿಮೆಂಟು ಹಾಕಬೇಡಿ. ನೀರು ಹೊರಬರಲು ತೂತು ಬಿಡದ ಸಿಮೆಂಟು ಗೋಡೆಯ ಹಿಂದೆ ಮಳೆನೀರು ತುಂಬಿ ಗೋಡೆಯನ್ನೇ ದೂಡುತ್ತದೆ. ಸಿಮೆಂಟಿಲ್ಲದ ಕಟ್ಟೆಯ ಸಂದುಗಳಿಂದ ನೀರು ಸೋರಿ ಹೋಗುತ್ತದೆ, ಮಣ್ಣು ಒಳಗೇ ಉಳಿಯುತ್ತದೆ.

ಗೆರೆಗಳ ಮಧ್ಯೆ ದೊಡ್ಡ ಗಿಡಗಳಿಗೆ ಅರ್ಧಚಂದ್ರದ ಪಾತಿ ಮಾಡಿ. ಅಗಲ ನಾಲ್ಕೈದು ಅಡಿ, ಬದು ಕೆಳಗಿನ ಬದಿಗೆ, ಬಾಯಿ ಮೇಲಕ್ಕೆ. ಎರಡೂ ತುದಿ ಒಂದೇ ಮಟ್ಟದಲ್ಲಿರಬೇಕು. ಮೇಲಿನ ಎರಡು ಪಾತಿಗಳ ನಡುವಿನಿಂದ ಜಾರುವ ನೀರು ಕೆಳಗಿನ ಪಾತಿಗೆ ಬೀಳುವಂತೆ ಜಾಗ ಬದಲಿಸಿ ಹಾಕಿ.

ಈ ಅಗೆತವನ್ನೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಮೆದುವಾದಾಗ ಮಾಡಿ. ಬೇಸಿಗೆಯ ಗಟ್ಟಿ ನೆಲಕ್ಕೆ ಪಿಕಾಸಿ ಹೊಡೆದರೆ ಕೂಲಿಯೂ ಜಾಸ್ತಿ, ಆಯಾಸವೂ ಜಾಸ್ತಿ.

ಯಾವ ಗಿಡ, ಎಲ್ಲಿ

ಇಳಿಜಾರನ್ನು ಹಿಡಿದಿಡುವ ಮೊದಲ ಗಿಡ ಲಾವಂಚ. ಬೇರು ಅಗಲಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಒಳ್ಳೆಯ ಮಣ್ಣಿದ್ದರೆ ಹತ್ತು ಅಡಿಯವರೆಗೂ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನೇ ಸಾಲು ಹಾಕುತ್ತಿದ್ದರು. ಪ್ರತಿ ಗೆರೆಯಲ್ಲೂ ಬದುವಿನ ಮೇಲಂಚಿಗೆ ಐದು ಇಂಚಿಗೊಂದು ಸಿಳ್ಳು (ಬುಡದಿಂದ ಬೇರು ಸಮೇತ ಬಿಡಿಸಿದ ಕವಲು) ನೆಡಿ. ಎಲೆಯನ್ನು ಅರ್ಧ ಅಡಿಗೆ ಕತ್ತರಿಸಿ ನೆಟ್ಟರೆ ಬೇಗ ಹತ್ತುತ್ತದೆ. ಮಧ್ಯೆ ಒಂದು ಸತ್ತರೂ ಅಲ್ಲಿಂದ ನೀರು ನುಗ್ಗುತ್ತದೆ, ಹಾಗಾಗಿ ತಿಂಗಳೊಳಗೆ ಖಾಲಿ ಜಾಗ ತುಂಬಿ. ಎರಡು ಮೂರು ವರ್ಷಕ್ಕೆ ಸಾಲು ಕೂಡಿಕೊಂಡು ಗಟ್ಟಿ ಬೇಲಿಯಾಗುತ್ತದೆ. ಇದಕ್ಕೆ ಬಿಸಿಲು ಬೇಕು, ನೆರಳಾದರೆ ಸೊರಗುತ್ತದೆ.

ಪೊದೆಗಳಲ್ಲಿ ನನ್ನ ಮೊದಲ ಆಯ್ಕೆ ತಂಗಡಿ. ಅದರ ಹಳದಿ ಹೂವಿನ ಮುಂದೆ ಯಾವ ವಿದೇಶಿ ಗಿಡವೂ ನಿಲ್ಲಲ್ಲ. ತೆಲಂಗಾಣದ ರಾಜ್ಯ ಹೂವು ಇದೇ. ನಮ್ಮಲ್ಲಿ ರಸ್ತೆ ಬದಿಯಲ್ಲಿ ಬೆಳೆದಿದೆ ಅನ್ನುವ ಕಾರಣಕ್ಕೆ ಯಾರೂ ಮನೆಗೆ ತರುವುದಿಲ್ಲ. ವರ್ಷದ ಬಹುಪಾಲು ಹೂ ಇರುತ್ತದೆ, ಜೇನು ಬರುತ್ತದೆ, ಎಲೆ ಉದುರಿ ಗೊಬ್ಬರವಾಗುತ್ತದೆ. ಇಳಿಜಾರಿನ ನೆತ್ತಿ, ಪಶ್ಚಿಮದ ಬದಿ, ಎಲ್ಲಕ್ಕಿಂತ ಬಡ ಮಣ್ಣು ಇರುವ ಕಡೆ ತಂಗಡಿ ಹಾಕಿ. ಅದರ ಜೊತೆಗೆ ಬಂದರೆ ಗಿಡ. ಮಿನುಗುವ ಎಲೆ, ರೆಕ್ಕೆ ಇರುವ ಕಾಯಿ, ಕತ್ತರಿಸಿದಷ್ಟೂ ದಟ್ಟ ಆಗುತ್ತದೆ. ಈ ಎರಡೇ ಗಿಡಗಳಿಂದ ಅರ್ಧ ಇಳಿಜಾರು ಮುಚ್ಚಬಹುದು.

ನಡುಭಾಗಕ್ಕೆ ಲಕ್ಕಿ, ಕವಳೆ, ಆಡುಸೋಗೆ, ಮುಳ್ಳುಗೋರಂಟೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೂ ಲಕ್ಕಿ, ಬಂದರೆ, ಆಡುಸೋಗೆಗಳನ್ನು ಮೇಕೆ ಬಾಯಿ ಹಾಕುವುದು ಕಡಿಮೆ. ಬೇಲಿ ಗಟ್ಟಿ ಇಲ್ಲದ ಕಡೆ ಇವನ್ನೇ ಹೊರಸಾಲಿಗೆ ಹಾಕಿ. ಕವಳೆ ಮುಳ್ಳಿನ ಗಿಡ, ಅಂಚಿಗೆ ನೆಟ್ಟರೆ ಬೇಲಿಯೂ ಆಯಿತು, ಮಕ್ಕಳಿಗೆ ಹಣ್ಣೂ ಆಯಿತು. ಕಲ್ಲುಕಟ್ಟೆಯ ಸಂದಿಗೆ ಮಂಗರಬಳ್ಳಿಯ ಒಂದು ತುಂಡು ಸಿಕ್ಕಿಸಿ, ಬೇರೇನೂ ಮಾಡಬೇಕಿಲ್ಲ.

ಮರಗಳು ಕಡಿಮೆ ಇರಲಿ. ದಟ್ಟ ನೆರಳು ಬಿದ್ದರೆ ಕೆಳಗಿನ ಹುಲ್ಲು ಸತ್ತು ಮಣ್ಣು ಮತ್ತೆ ಬೋಳಾಗುತ್ತದೆ. ಕಲ್ಲು ನೆಲಕ್ಕೆ ಕಮರ ಬಹಳ ಒಳ್ಳೆಯದು. ಮೊದಲ ವರ್ಷಗಳಲ್ಲಿ ಮೇಲೆ ಬೆಳೆದಿದ್ದೇ ಕಾಣುವುದಿಲ್ಲ, ಯಾಕೆಂದರೆ ಅದು ಬೇರು ಇಳಿಸುವ ಕೆಲಸದಲ್ಲಿರುತ್ತದೆ. ತಾಳ್ಮೆ ಇರಲಿ. ತುಗ್ಗಲಿಯ ನೆರಳು ತೆಳು, ಅದರ ಕೆಳಗೆ ಹುಲ್ಲು ಬದುಕುತ್ತದೆ. ಕಕ್ಕೆ ಏಪ್ರಿಲ್-ಮೇನಲ್ಲಿ ಹಳದಿ ಗೊಂಚಲು ಬಿಡುತ್ತದೆ, ಮುತ್ತುಗ ಅದಕ್ಕೂ ಮೊದಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ತಂಗಡಿ, ಕಕ್ಕೆಯ ಎಲೆಗಳ ಮೇಲೆ ತಿಳಿಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಹುಳು ಎಲೆ ತಿಂದರೆ ಔಷಧಿ ಹೊಡೆಯಬೇಡಿ, ಗಿಡ ಮತ್ತೆ ಚಿಗುರುತ್ತದೆ. ಹೊಂಗೆ, ಬೇವು, ಬೆಟ್ಟದ ನೆಲ್ಲಿ, ಬೇಲ ಇವಕ್ಕೆ ಇಳಿಜಾರಿನ ಬುಡವೇ ಸರಿ. ಮೇಲಿನಿಂದ ಬಂದ ಮಣ್ಣೂ ತೇವವೂ ಅಲ್ಲಿ ಸೇರುತ್ತವೆ. ಯಾವ ದೊಡ್ಡ ಮರವನ್ನೂ ಕಲ್ಲುಕಟ್ಟೆಯ ಮೇಲಂಚಿಗೆ ನೆಡಬೇಡಿ. ಮನೆ ಗೋಡೆಯಿಂದ ಕನಿಷ್ಠ ಹದಿನೈದು ಅಡಿ ದೂರ ಬಿಡಿ.

30×40 ಇಳಿಜಾರಿಗೆ ಮೂರು ನಾಲ್ಕು ಮರ, 35ರಿಂದ 40 ಪೊದೆ, ಮೂರು ಸಾಲು ಲಾವಂಚಕ್ಕೆ ಸುಮಾರು 220 ಸಿಳ್ಳು ಬೇಕಾಗುತ್ತದೆ. ಉಳಿದ ಜಾಗಕ್ಕೆ ಊರ ಹುಲ್ಲಿನ ಬೀಜ ಚೆಲ್ಲಿ. ಗರಿಕೆ ಕೆಳಭಾಗಕ್ಕೆ, ಅಂಜನ್ ಹುಲ್ಲು ಮೇಲ್ಭಾಗಕ್ಕೆ.

ಗುಲ್‌ಮೊಹರ್ ಮಡಗಾಸ್ಕರ್‌ನದು, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು, ಕತ್ತಾಳೆ ಮೆಕ್ಸಿಕೊ ಕಡೆಯದು. ಇವೂ ಬರ ತಡೆಯುತ್ತವೆ. ಇರುವುದನ್ನು ಕಡಿಯಬೇಕಿಲ್ಲ. ಆದರೆ ಹೊಸದಾಗಿ ನೆಡುವಾಗ ನಮ್ಮ ಹಕ್ಕಿ, ಚಿಟ್ಟೆ, ಜೇನಿಗೆ ಊಟ ಕೊಡುವ ಗಿಡಕ್ಕೇ ಜಾಗ ಕೊಡೋಣ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಸಿ ಮತ್ತು ಬೀಜ

ಹೊಂಗೆ, ಬೇವು, ನೆಲ್ಲಿಯಂಥ ಸಸಿಗಳು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಶುರುವಿಗೆ ಕಡಿಮೆ ಬೆಲೆಗೆ ಸಿಗುತ್ತವೆ. ಸ್ವಂತ ಜಮೀನು ಇರುವ ರೈತರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಎತ್ತರದ ಸಸಿ ನೋಡಿ ಮರುಳಾಗಬೇಡಿ. ಒಂದೂವರೆ ಅಡಿಯ ಗಟ್ಟಿ ಕಾಂಡದ ಸಸಿಯೇ ಇಳಿಜಾರಿಗೆ ಒಳ್ಳೆಯದು. ದೊಡ್ಡ ಸಸಿಯ ಬೇರು ಚೀಲದೊಳಗೆ ಸುತ್ತಿಕೊಂಡಿರುತ್ತದೆ, ಆಳಕ್ಕೆ ಇಳಿಯುವುದು ನಿಧಾನ.

ತಂಗಡಿ, ಬಂದರೆ ನರ್ಸರಿಯಲ್ಲಿ ಸಿಗುವುದು ಅಪರೂಪ. ಗುಡ್ಡದ ಅಂಚಿನಿಂದ ಬಲಿತ ಕಾಯಿ ತಂದು ಬೀಜ ಬಿಡಿಸಿಕೊಳ್ಳಿ. ತಂಗಡಿ, ಕಕ್ಕೆ ಬೀಜಗಳ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು ಬೆಳಿಗ್ಗೆ ಬಿತ್ತಿ. ಉಬ್ಬದ ಬೀಜವನ್ನು ಮರಳುಕಾಗದದಿಂದ ಉಜ್ಜಿ ಮತ್ತೆ ನೆನೆಸಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ತಂದ ಕೂಡಲೇ ಬಿತ್ತಬೇಕು. ಲಕ್ಕಿಗೆ ಬೀಜವೇ ಬೇಡ. ಪೆನ್ಸಿಲ್ ದಪ್ಪದ, ಮುಕ್ಕಾಲು ಅಡಿಯ ಕಡ್ಡಿಗಳನ್ನು ಮಳೆ ಹಿಡಿದಾಗ ಚುಚ್ಚಿದರೆ ಸಾಕು.

ನೆಡುವುದು

ನೀರಿನ ಅನುಕೂಲ ಇರುವವರು ಮೃಗಶಿರಾ, ಆರಿದ್ರಾ ಮಳೆಯಲ್ಲಿ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದೊಳಗೆ ನೆಡಿ. ಆದರೆ ಪಾವಗಡ, ಚಳ್ಳಕೆರೆ ಕಡೆ ನಿಜವಾದ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ಮಳೆ ಕೈಕೊಟ್ಟಾಗ ಟ್ಯಾಂಕರ್ ತರಿಸಲು ಆಗದವರು ಆಗಸ್ಟ್ ಕೊನೆಯ ಮಘೆ, ಹುಬ್ಬೆ ಮಳೆಗೆ ಕಾಯುವುದೇ ಜಾಣತನ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ತೆಗೆದ ಮಣ್ಣಿಗೆ ಕಾಲುಭಾಗ ಚೆನ್ನಾಗಿ ಕಳಿತ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಆಹ್ವಾನ ಕೊಟ್ಟ ಹಾಗೆ. ರಾಸಾಯನಿಕ ಗೊಬ್ಬರ ಬೇಡವೇ ಬೇಡ. ಬಡ ಮಣ್ಣಿಗೆ ಹೊಂದಿಕೊಂಡ ಗಿಡಕ್ಕೆ ಜಾಸ್ತಿ ಗೊಬ್ಬರ ಕೊಟ್ಟರೆ ಎಳಸು ಎಲೆ ಬಿಟ್ಟು ಮೊದಲ ಬೇಸಿಗೆಯಲ್ಲೇ ಬಾಡುತ್ತದೆ. ಚೀಲ ಪೂರ್ತಿ ಹರಿದು ತೆಗೆಯಿರಿ, ಸುತ್ತಿಕೊಂಡ ಬೇರನ್ನು ಕತ್ತರಿಸಿ. ಗಿಡದ ಕುತ್ತಿಗೆ, ಅಂದರೆ ಕಾಂಡ ಬೇರಿಗೆ ಸೇರುವ ಜಾಗ, ಪಾತಿಯ ಮಟ್ಟಕ್ಕಿಂತ ಒಂದು ಇಂಚು ಮೇಲಿರಲಿ.

ನೆಟ್ಟ ದಿನವೇ ಮುಚ್ಚಿಗೆ ಹಾಕಿ. ಒಣ ಎಲೆ, ಕಳೆ ಹುಲ್ಲು, ತೆಂಗಿನ ಸಿಪ್ಪೆ ಯಾವುದಾದರೂ ಆದೀತು. ರಾಗಿ ಹುಲ್ಲು ದನಕ್ಕಿರಲಿ. ಕಾಂಡದಿಂದ ನಾಲ್ಕು ಇಂಚು ಬಿಟ್ಟು ಹಾಕಬೇಕು. ಬೋಳು ಮಣ್ಣು ಉಳಿದ ಕಡೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹುರುಳಿ ಚೆಲ್ಲಿ. ಬೇಗ ಹರಡಿ ನೆಲ ಮುಚ್ಚುತ್ತದೆ, ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಕಾಳು ಬಿಡಿಸಿಕೊಂಡು ಬಳ್ಳಿಯನ್ನು ಅಲ್ಲೇ ಬಿಡಿ. ಹುರುಳಿಯೂ ನಿಲ್ಲದಷ್ಟು ಕಡಿದಾದ ತುಂಡಿಗೆ ತೆಂಗಿನ ನಾರಿನ ಬಲೆ ಹಾಸಿ, ಗೂಟ ಹೊಡೆದು, ಬಲೆಯ ಕಣ್ಣುಗಳಲ್ಲಿ ಹುಲ್ಲಿನ ಬೀಜ ಹಾಕಿ. ಹುಲ್ಲು ಬೇರೂರುವ ಹೊತ್ತಿಗೆ ಬಲೆ ತಾನೇ ಮಣ್ಣಾಗುತ್ತದೆ.

ಮೊದಲ ಮೂರು ವರ್ಷ

ಬರ ತಡೆಯುವ ಗಿಡ ಅಂದರೆ ನೀರೇ ಬೇಡದ ಗಿಡ ಅಲ್ಲ. ಬೇರು ಆಳಕ್ಕೆ ಇಳಿಯುವವರೆಗೆ ಅದಕ್ಕೂ ನೀರು ಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗಿಡಕ್ಕೆ ಹತ್ತು ಲೀಟರ್, ನಿಧಾನವಾಗಿ ಇಂಗುವಂತೆ ಕೊಡಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಮರದ ಸಸಿಗಳ ಪಕ್ಕ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿದರೆ ತೇವ ಬೇರಿನ ಹತ್ತಿರಕ್ಕೇ ಸೋರುತ್ತದೆ. ಇಳಿಜಾರಿನಲ್ಲಿ ನೀರು ಹರಿದು ಹೋಗುವ ಚಿಂತೆಯೂ ಇಲ್ಲ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ಮೂರನೇ ವರ್ಷ ನಿಲ್ಲಿಸಿ. ಏಪ್ರಿಲ್‌ನಲ್ಲಿ ಕೆಲವು ಗಿಡ ಎಲೆ ಉದುರಿಸಿದರೆ ಗಾಬರಿ ಬೇಡ, ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ಮೊದಲ ವರ್ಷ ನೋಡಲು ಕಲ್ಲು, ಮಣ್ಣು, ಕಡ್ಡಿ ಅಷ್ಟೇ ಕಾಣುತ್ತದೆ. ಬಂದವರು ಏನಾದರೂ ಅನ್ನುತ್ತಾರೆ. ಆ ವರ್ಷ ಪ್ರತಿ ದೊಡ್ಡ ಮಳೆಯ ಮಾರನೇ ದಿನ ಸಲಿಕೆ ಹಿಡಿದು ಒಂದು ಸುತ್ತು ಹಾಕಿ. ಬದು ಒಡೆದಿದೆಯಾ, ಕೋಡಿ ಕಟ್ಟಿಕೊಂಡಿದೆಯಾ, ಎಲ್ಲಿ ಮಣ್ಣು ಜಾರಿದೆ ನೋಡಿ ಆಗಲೇ ಸರಿಮಾಡಿ. ಟ್ರೆಂಚ್‌ನಲ್ಲಿ ತುಂಬಿದ ಹೂಳನ್ನು ಬೇಸಿಗೆಯಲ್ಲಿ ತೆಗೆದು ಗಿಡದ ಬುಡಕ್ಕೇ ಹಾಕಿ.

ಜನವರಿ-ಫೆಬ್ರವರಿಯಲ್ಲಿ ಒಣ ಹುಲ್ಲು ಕೊಯ್ಯಿರಿ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಬಹಳ ವೇಗವಾಗಿ ಏರುತ್ತದೆ, ಹಾಗಾಗಿ ಮನೆಯ ಸುತ್ತ ಹತ್ತು ಅಡಿ ಜಾಗದಲ್ಲಿ ಒಣಗಿದ್ದೇನೂ ಇರಬಾರದು. ಕಲ್ಲಿನ ರಾಶಿಯನ್ನೂ ಬಾಗಿಲ ಹತ್ತಿರ ಬಿಡಬೇಡಿ, ಹಾವು ಸೇರುತ್ತವೆ. ತಂಗಡಿ, ಬಂದರೆಗಳನ್ನು ಮುಂಗಾರಿಗೆ ಮೊದಲು ಮೂರನೇ ಒಂದು ಭಾಗ ಸವರಿದರೆ ಬುಡದಿಂದ ದಟ್ಟ ಆಗುತ್ತವೆ. ಲಾವಂಚವನ್ನು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕೊಯ್ದು, ಆ ಹುಲ್ಲನ್ನೇ ಮುಚ್ಚಿಗೆಗೆ ಬಳಸಿ. ಅದರ ಬೇರಿಗೆ ಒಳ್ಳೆಯ ಬೆಲೆ ಇದೆ ಅಂತ ಯಾರಾದರೂ ಹೇಳಿದರೆ ಇಳಿಜಾರಿನ ಸಾಲನ್ನು ಮಾತ್ರ ಅಗೆಯಬೇಡಿ. ಬೇರು ಬೇಕಿದ್ದರೆ ಕೆಳಗಿನ ಸಮತಟ್ಟಿನಲ್ಲಿ ಬೇರೆ ಸಾಲು ಹಾಕಿಕೊಳ್ಳಿ.